ಗೋಲ್‌ಕೀಪರ್ ಮುದುಕಿಯಾದದ್ದು

ಆ ಶಾಲೆಯಲ್ಲಿ ಹುಡುಗಿಯರಿರಲಿಲ್ಲ. ಆದರೆ ಪ್ರತಿವರ್ಷ ಅಲ್ಲಿ ಆಡುವ ನಾಟಕದಲ್ಲಿ ಹೆಂಗಸರಿರುತ್ತಿದ್ದರು. ಇವೆರಡನ್ನೂ ಹೇಗೋ ಹೊಂದಿಸುವ ಕಷ್ಟ ಕೊಕ್ಕರೆ ಫಾದರ್ ಅವರದು.

ಕೊಕ್ಕರೆ ಎನ್ನುವುದು ಹುಡುಗರು ಇಟ್ಟ ಹೆಸರು. ಉದ್ದ ಕಾಲು, ಬಿಳಿ ನಿಲುವಂಗಿ, ಮುಂದಕ್ಕೆ ಬಾಗಿದ ಕತ್ತು. ಅದೂ ಸಾಲದೆಂಬಂತೆ, ಯೋಚನೆಗೆ ಬಿದ್ದಾಗ ಒಂದು ಕಾಲನ್ನೆತ್ತಿ ಇನ್ನೊಂದಕ್ಕೆ ಒರಗಿಸಿ ನಿಲ್ಲುವ ಅಭ್ಯಾಸ. ಹೆಸರು ಅವರ ಕಿವಿಗೂ ಬಿದ್ದಿತ್ತು. "ಕೊಕ್ಕರೆ ಕಾಯುತ್ತೆ, ಕಾಯುತ್ತೆ, ಕೊನೆಗೆ ಹಿಡಿಯುತ್ತೆ. ಒಳ್ಳೇ ಹೆಸರನ್ನೇ ಇಟ್ಟಿದ್ದೀರಿ" ಎಂದು ಅವರು ಚರಿತ್ರೆಯ ಪಾಠದ ನಡುವೆಯೇ ಹೇಳಿ, ಹೆಸರಿಟ್ಟವನು ಯಾರೆಂದು ಕೇಳದೆ ಪಾಠ ಮುಂದುವರಿಸಿದ್ದರು. ಇಟ್ಟವನು ಅದಾದ ಮೇಲೆ ಒಂದು ವಾರ ತಲೆ ಎತ್ತಿರಲಿಲ್ಲ.

ಶಾಲೆ ನಗರದ ನಟ್ಟನಡುವೆ, ಬಸ್ಸುಗಳು ಒಂದರ ಬೆನ್ನಿಗೊಂದು ತೆವಳುವ ರಸ್ತೆಯ ಪಕ್ಕದಲ್ಲಿತ್ತು. ಕಬ್ಬಿಣದ ಗೇಟು ದಾಟಿದರೆ ಕಲ್ಲಿನ ಕಟ್ಟಡ, ನಡುವೆ ಅಂಗಳ, ಅಂಗಳದ ಒಂದು ತುದಿಗೆ ಪುಟ್ಟ ಪ್ರಾರ್ಥನಾ ಮಂದಿರ, ಇನ್ನೊಂದು ತುದಿಗೆ ಹುಲ್ಲು ಸವೆದುಹೋದ ಫುಟ್‌ಬಾಲ್ ಮೈದಾನ. ಮೇಲಿನ ಮಹಡಿಯಲ್ಲಿ ಪಾದ್ರಿಗಳ ವಾಸ. ಅವರ ಒಗೆದ ನಿಲುವಂಗಿಗಳು ತಾರಸಿಯ ತಂತಿಯ ಮೇಲೆ ಸಾಲಾಗಿ ಹಾರಾಡುವುದನ್ನು ನೋಡಿ, ಯಾರೆಲ್ಲ ಊರಲ್ಲಿದ್ದಾರೆ ಎಂದು ಹುಡುಗರು ಲೆಕ್ಕ ಹಾಕುತ್ತಿದ್ದರು. ಅಲ್ಲಿ ಡಾಕ್ಟರ ಮಗನೂ ಬಸ್ ಡ್ರೈವರನ ಮಗನೂ ಒಂದೇ ಬೆಂಚು. ಚರ್ಚಿಗೆ ಹೋಗುವವನೂ ಹೋಗದವನೂ ಒಂದೇ ಸಾಲು. ಅಲ್ಲೊಂದು ಹಳೆಯ ಕಟ್ಟಳೆ ಇತ್ತು: ತರಗತಿಯಲ್ಲಿ ಒಬ್ಬ ಹುಡುಗ ಮಾತಾಡಲು ಎದ್ದು ನಿಂತನೆಂದರೆ ಅವನು ಮುಗಿಸಿ ಕೂರುವವರೆಗೆ ಬೇರೆ ಯಾರೂ ಬಾಯಿ ತೆರೆಯುವಂತಿಲ್ಲ, ಮೇಷ್ಟ್ರು ಕೂಡ. ಅವನು ತೊದಲಲಿ, ತಡವರಿಸಲಿ, ತಪ್ಪೇ ಹೇಳಲಿ. ಹೊರಗಿನ ಲೋಕದಲ್ಲಿ ಮಾತಿಗೆ ಜಾಗ ಸಿಗದ ಮನೆಗಳಿಂದ ಬಂದ ಎಷ್ಟೋ ಮಕ್ಕಳು ಆ ಕಟ್ಟಳೆಯ ನೆರಳಲ್ಲಿ ಗಂಟಲು ಬಿಟ್ಟು ಮಾತಾಡಲು ಕಲಿತರು.

ಆ ವರ್ಷದ ನಾಟಕವನ್ನು ಕೊಕ್ಕರೆ ಫಾದರ್ ತಾವೇ ಬರೆದಿದ್ದರು. ಯುದ್ಧಕಾಲ. ಒಂದು ನದಿ, ಒಂದು ದೋಣಿಕಟ್ಟೆ, ಕಟ್ಟೆಯ ಮೇಲಿನ ಗುಡಿಸಲಿನಲ್ಲಿ ಒಬ್ಬ ಮುದುಕಿ, ಅವಳಿಗೆ ಇಬ್ಬರು ಗಂಡುಮಕ್ಕಳು. ಗಾಯಗೊಂಡ ಶತ್ರುಪಕ್ಷದ ಹುಡುಗನೊಬ್ಬ ಬಂದು ಕಾಲು ಹಿಡಿಯುತ್ತಾನೆ. ಮುದುಕಿ ಅವನನ್ನು ತನ್ನ ಮಕ್ಕಳ ನಡುವೆ ಮಲಗಿಸಿ ಕಂಬಳಿ ಹೊದಿಸುತ್ತಾಳೆ. ಬೆನ್ನಟ್ಟಿ ಬಂದ ಕ್ಯಾಪ್ಟನ್ ಲಾಟೀನು ಎತ್ತಿ ಹಿಡಿದು ಕೇಳುತ್ತಾನೆ: ಈ ಮೂವರಲ್ಲಿ ನಿನ್ನ ಮಗನಲ್ಲದವನು ಯಾರು?

ಪಾತ್ರ ಹಂಚುವ ದಿನ ಎಲ್ಲರೂ ಸಣ್ಣ ದನಿಯ, ನಯವಾದ ಮುಖದ ಯಾವನೋ ಒಬ್ಬ ಮುದುಕಿಯಾಗುತ್ತಾನೆ ಅಂದುಕೊಂಡಿದ್ದರು. ಫಾದರ್ ಕೊನೆಯ ಬೆಂಚಿನ ಕಡೆ ಬೆರಳು ಮಾಡಿದರು. ಅಲ್ಲಿ ಬಾಗಿಲು ಕೂತಿದ್ದ.

ಬಾಗಿಲು ಶಾಲಾ ತಂಡದ ಗೋಲ್‌ಕೀಪರ್. ಹತ್ತನೇ ತರಗತಿಗೇ ಅಪ್ಪನ ಎತ್ತರ ಮೀರಿದ್ದ, ಅಗಲದಲ್ಲಂತೂ ಹೇಳುವುದೇ ಬೇಡ. ಅವನು ನಿಂತರೆ ಗೋಲು ಮುಚ್ಚಿದ ಹಾಗೆ ಎಂದು ಆ ಹೆಸರು. ತರಗತಿ ಹೋ ಎಂದು ನಕ್ಕಿತು. ಬಾಗಿಲು ತನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು.

ಮಧ್ಯಾಹ್ನವೇ ಫುಟ್‌ಬಾಲ್ ಮೇಷ್ಟ್ರು ಶಿಕ್ಷಕರ ಕೋಣೆಗೆ ನುಗ್ಗಿದರು. ಕೊರಳಲ್ಲಿ ಸೀಟಿ ಜೋತಾಡುತ್ತಿತ್ತು.

"ಏನ್ ಫಾದರ್ ಇದು? ಪಂದ್ಯಗಳು ಶುರುವಾಗಿವೆ. ಅವನು ನನ್ನ ಗೋಲು ಕಾಯೋನು. ನಿಮಗೆ ಮುದುಕಿ ಬೇಕಾದ್ರೆ ಇನ್ಯಾರನ್ನಾದ್ರೂ ತಗೊಳ್ಳಿ!"

"ನಿಮ್ಮ ಗೋಲಲ್ಲಿ ಅವನು ಏನ್ ಮಾಡ್ತಾನೆ?"

"ಕಾಯ್ತಾನೆ."

"ಎಷ್ಟು ಹೊತ್ತು?"

"ಚೆಂಡು ಬರೋ ತನಕ."

"ನನ್ನ ಮುದುಕಿಗೂ ಅದೇ ಕೆಲಸ" ಎಂದರು ಫಾದರ್. "ಮೈದಾನದಲ್ಲಿ ಎಲ್ಲರೂ ಕೂಗಾಡ್ತಿರುವಾಗ ಅವನೊಬ್ಬ ಸುಮ್ಮನೆ ನಿಂತಿರೋದನ್ನ ಮೇಲಿನ ಕಿಟಕಿಯಿಂದ ನೋಡಿದ್ದೀನಿ. ಅದನ್ನ ಕಲಿಸೋದು ಕಷ್ಟ ಮೇಷ್ಟ್ರೇ. ನೀವು ಕಲಿಸಿಬಿಟ್ಟಿದ್ದೀರಿ."

ಮೇಷ್ಟ್ರು, ಇದು ಹೊಗಳಿಕೆಯೋ ಸೋಲೋ ತಿಳಿಯದೆ ಸೀಟಿಯನ್ನು ಜೇಬಿಗೆ ಹಾಕಿಕೊಂಡು ಹೋದರು.

ಮೊದಲ ತಾಲೀಮಿನಲ್ಲಿ ಬಾಗಿಲು ಎಲ್ಲರನ್ನೂ ನಗಿಸಿಬಿಟ್ಟ. ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿದ, ಕೈಗಳನ್ನು ಗಡಗಡ ನಡುಗಿಸಿದ, ಕೀರಲು ದನಿ ತೆಗೆದ. ಕ್ಯಾಪ್ಟನ್ ಪಾತ್ರದ ಡಾಕ್ಟರ ಮಗ ಲಾಟೀನನ್ನು ನೆಲಕ್ಕಿಟ್ಟು ಹೊಟ್ಟೆ ಹಿಡಿದುಕೊಂಡ. ಫಾದರ್ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ನಗು ತಾನಾಗಿ ಇಳಿಯುವವರೆಗೆ ಕಾದರು.

"ಚೆನ್ನಾಗಿ ನಗಿಸಿದೆ. ಈಗ ಹೇಳು ಮರಿ, ಆ ಮುದುಕಿಗೆ ಏನು ಬೇಕು?"

"ಮುದುಕಿಗೆ ಇನ್ನೇನು ಬೇಕಾಗುತ್ತೆ ಫಾದರ್? ಮುದುಕಿ ಅಲ್ವಾ?"

"ನಿಮ್ಮನೇಲಿ ವಯಸ್ಸಾದವರು ಯಾರಾದ್ರೂ ಇದ್ದಾರಾ?"

"ಅಜ್ಜಿ ಇದ್ದಾಳೆ."

"ಅವರಿಗೆ ಏನು ಬೇಕು?"

ಬಾಗಿಲು ಬಾಯಿ ತೆರೆದ. ಹುಟ್ಟಿದಾಗಿನಿಂದ ಒಂದೇ ಮನೆ, ಒಂದೇ ಅಜ್ಜಿ. ಆದರೂ ಒಂದು ಮಾತೂ ಹೊಳೆಯಲಿಲ್ಲ. ಕಟ್ಟಳೆಯಂತೆ ಎಲ್ಲರೂ ಸುಮ್ಮನೆ ಕಾದರು. ಕೊನೆಗೆ ಅವನೇ "ಗೊತ್ತಿಲ್ಲ ಫಾದರ್" ಎಂದು ಕೂತ.

"ಹೋಗಿ ನೋಡ್ಕೊಂಡು ಬಾ. ಕೇಳಬೇಡ, ನೋಡು. ಕೇಳಿದ್ರೆ ಯಾರೂ ನಿಜ ಹೇಳಲ್ಲ."

ಬಾಗಿಲಿನ ಮನೆ ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಅಪ್ಪ ಸಿಟಿ ಬಸ್ಸಿನ ಡ್ರೈವರ್, ಅಮ್ಮನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಪಾಳಿಯ ಕೆಲಸ. ಅಜ್ಜಿ, ಅಂದರೆ ಅಪ್ಪನ ಅಮ್ಮ, ಮುಂದಿನ ಕೋಣೆಯ ಕಿಟಕಿ ಪಕ್ಕ ಕೂತಿರುತ್ತಿದ್ದಳು. ದರ್ಜಿ ಅಂಗಡಿಯಲ್ಲಿ ಜೀವಮಾನವಿಡೀ ಬಟ್ಟೆ ಕತ್ತರಿಸಿದವಳು. ಅವಳ ನಾಲಿಗೆಯ ಮುಂದೆ ಆ ಕತ್ತರಿಯೇ ಮೊಂಡು ಎಂದು ಬೀದಿಯವರು ಹೇಳುತ್ತಿದ್ದರು. ಎರಡು ವರ್ಷದ ಹಿಂದೆ ಒದ್ದೆ ಮೆಟ್ಟಿಲ ಮೇಲೆ ಜಾರಿ ಸೊಂಟದ ಮೂಳೆ ಮುರಿಯಿತು. ಡಾಕ್ಟರು ಮೂಳೆ ಕೂಡಿಸಿದರು, ಧೈರ್ಯ ಕೂಡಲಿಲ್ಲ. ಅಂದಿನಿಂದ ಅವಳು ಹೊಸ್ತಿಲು ದಾಟಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಕೆಳಗಿಳಿಸೋಣ ಎಂದು ಮಗ ಒಮ್ಮೆ ಹೇಳಿದ್ದಕ್ಕೆ, "ನಾಲ್ಕು ಜನ ಹೊತ್ತುಕೊಂಡು ಹೋಗೋದು ಒಂದೇ ಸಲ. ಅದಕ್ಕಿನ್ನೂ ಟೈಮಿದೆ" ಎಂದು ಬಾಯಿ ಮುಚ್ಚಿಸಿದ್ದಳು. ಇತ್ತೀಚೆಗೆ ಕಿವಿಯೂ ಕೈಕೊಟ್ಟಿತ್ತು. ಮನೆಯವರೆಲ್ಲ ಅವಳ ಎಡಗಿವಿಯ ಹತ್ತಿರ ಹೋಗಿ ಕೂಗಿ ಮಾತಾಡುವುದು ರೂಢಿಯಾಗಿತ್ತು.

ತನ್ನದು ಸಿಪಾಯಿಯ ಪಾತ್ರ ಎಂದು ಬಾಗಿಲು ಮನೆಯಲ್ಲಿ ಹೇಳಿದ್ದ. ಒಂದು ದಿನ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿದ್ದರು, ಅಜ್ಜಿ ತೂಕಡಿಸುತ್ತಿದ್ದಳು. ಅವಳ ಶಾಲನ್ನು ಮೆಲ್ಲಗೆ ಎತ್ತಿಕೊಂಡು, ತಲೆಗೆ ಹೊದ್ದು, ಕೋಣೆಯ ಈ ತುದಿಯಿಂದ ಆ ತುದಿಗೆ ಬಗ್ಗಿ ನಡೆಯತೊಡಗಿದ. ತಿರುಗಿದಾಗ ಅಜ್ಜಿಯ ಎರಡೂ ಕಣ್ಣು ಅವನ ಮೇಲಿದ್ದವು.

"ಏನೋ ಅದು ವೇಷ?"

"ನಾಟಕದ್ದು ಅಜ್ಜಿ" ಎಂದು ಅವನು ರೂಢಿಯಂತೆ ಕೂಗಿದ.

"ಸಿಪಾಯಿ ಅಂದಿದ್ದೆ?"

"ಸಿಪಾಯಿಗಳೂ ಬರ್ತಾರೆ. ನಂದು... ಮುದುಕಿ ಪಾರ್ಟು."

ಬೈಗುಳ ಬೀಳುತ್ತದೆ ಎಂದು ಅವನು ಕತ್ತು ತಗ್ಗಿಸಿದ. ಅಜ್ಜಿ ಕನ್ನಡಕ ಏರಿಸಿಕೊಂಡು, "ನಡಿ, ಇನ್ನೊಂದು ಸಲ ನೋಡೋಣ" ಎಂದಳು. ಅವನು ನಡೆದ.

"ಅದು ಮುದುಕಿಯಲ್ಲ ಕಣೋ. ಕಾಳು ಹುಡುಕೋ ಬಾತುಕೋಳಿ. ಬೆನ್ನನ್ನ ಯಾಕೆ ಬಗ್ಗಿಸ್ತೀಯ?"

"ವಯಸ್ಸಾದವರು ಬಗ್ಗಿ ನಡೀತಾರಲ್ಲ?"

"ನಾವ್ಯಾಕೆ ಬಗ್ಗಿ ನಡೀತೀವಿ? ಅದು ತಾನಾಗೇ ಬಗ್ಗುತ್ತೆ, ನಾವು ನೆಟ್ಟಗೆ ಮಾಡ್ಕೊಳ್ಳೋಕೆ ನೋಡ್ತಾ ಇರ್ತೀವಿ. ನೋಡೋರಿಗೆ ಬಗ್ಗಿದ್ದು ಕಾಣುತ್ತೆ. ನಮ್ಮ ಜೀವ ಇರೋದೆಲ್ಲ ನೆಟ್ಟಗೆ ನಿಲ್ಲೋದ್ರಲ್ಲಿ. ಕೈ ನಡುಗಿಸಬೇಡ. ನಡುಗೋ ಕೈನ ಯಾರಿಗೂ ಕಾಣದ ಹಾಗೆ ಶಾಲೊಳಗೆ ಇಟ್ಕೋ. ಹಾಂ. ಈಗ ನಡಿ."

ಅಂದಿನಿಂದ ಸಂಜೆಯ ಚಹಾ ಆದ ಮೇಲೆ ಅಜ್ಜಿಯ ಪಾಠ. ಶಾಲೆಯಲ್ಲಿ ಕೊಕ್ಕರೆ ಫಾದರ್, ಮನೆಯಲ್ಲಿ ಇವಳು. ಇಬ್ಬರಲ್ಲಿ ಇವಳೇ ಕಟು. ಕುರ್ಚಿಯಿಂದ ಏಳುವ ಮೊದಲು ಮನಸ್ಸಿನಲ್ಲೇ ಒಮ್ಮೆ ಎದ್ದುಬಿಡಬೇಕು, ಆಮೇಲೆ ಮೈ ಏಳುತ್ತದೆ. ಕೈಯಲ್ಲಿ ಏನಾದರೂ ಹಿಡಿದಾಗ ಕಣ್ಣು ಅದರ ಮೇಲೇ ಇರಬೇಕು, ಬಿದ್ದರೆ ಬಗ್ಗಿ ಎತ್ತುವ ಕಷ್ಟ ಯಾರಿಗೆ ಬೇಕು. ಹೀಗೆ ಅವಳಿಗೆ ಗೊತ್ತಿದ್ದದ್ದಕ್ಕೆ ಕೊನೆಯೇ ಇರಲಿಲ್ಲ. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅಷ್ಟೆ.

ರಂಗದ ಮೇಲೆ ದೋಣಿಕಟ್ಟೆಗೆಂದು ಮೂರು ಮೆಟ್ಟಿಲು ಮಾಡಿಸಿದ್ದರು. ಅದಕ್ಕೇ ಬಾಗಿಲು ಕೇಳಿದ: "ಅಜ್ಜಿ, ಮೆಟ್ಟಿಲು ಹೇಗೆ ಇಳೀತೀಯ?"

ಅಜ್ಜಿ ಶಾಲನ್ನು ಎರಡು ಸಲ ಸರಿಪಡಿಸಿಕೊಂಡಳು. ಆಮೇಲೆ ಕೋಲು ಹಿಡಿದು, ಹೊಸ್ತಿಲವರೆಗೆ ಬಂದು, ಕಂಬಿಯ ಮೇಲೆ ಕೈಯಿಟ್ಟಳು. ಬಾಗಿಲು ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ, ಮುಖ ಮೇಲೆ ಮಾಡಿ, ಎರಡೂ ಕೈ ಅಗಲಿಸಿ ನಿಂತ.

"ಚೆಂಡು ಹಿಡಿಯೋ ಹಾಗೆ ನಿಲ್ಲಬೇಡ. ನಾನೇನು ಉರುಳ್ಕೊಂಡು ಬರ್ತೀನಾ?"

"ಬಂದ್ರೆ ಹಿಡೀತೀನಿ. ಈ ವರ್ಷ ಇನ್ನೂ ಒಂದನ್ನೂ ಬಿಟ್ಟಿಲ್ಲ ಅಜ್ಜಿ."

ಅವಳು ಇಳಿದಳು. ಒಳ್ಳೆಯ ಕಾಲು ಮೇಲೆ, ನೋವಿನ ಕಾಲು ಕೆಳಗೆ, ಉಸಿರು ಬಿಗಿಹಿಡಿದು, ಒಂದೊಂದೇ. ಮೊದಲ ದಿನ ತಿರುವಿನ ತನಕ. ಇನ್ನೊಂದು ದಿನ ಮೂರನೇ ಮಹಡಿ. ಅಲ್ಲಿನ ಮನೆಯಾಕೆಗೂ ಅಜ್ಜಿಗೂ ಒಣಹಾಕಿದ ಬಟ್ಟೆಯಿಂದ ನೀರು ಸೋರುವ ವಿಷಯಕ್ಕೆ ಹಿಂದೆ ದೊಡ್ಡ ಜಗಳವಾಗಿತ್ತು. ಆಕೆ ಕದ ತೆರೆದು ಅಜ್ಜಿಯನ್ನು ಕಂಡವಳೇ ಒಳಗಿಂದ ಕುರ್ಚಿ ತಂದು ಹಾಕಿದಳು. ಕೂತು ಸುಧಾರಿಸಿಕೊಂಡ ಮೇಲೆ ಇಬ್ಬರೂ ಅದೇ ಜಗಳವನ್ನು ನಿಂತಲ್ಲಿಂದ ಮುಂದುವರಿಸಿದರು. ಮೊಮ್ಮಗ ಗಾಬರಿಯಾಗಿ ನೋಡಿದರೆ, ಇಬ್ಬರ ಮುಖದಲ್ಲೂ ಹಬ್ಬ.

ಕೆಲವು ವಾರಗಳಲ್ಲಿ ಅವರು ಬೀದಿಬಾಗಿಲು ತಲುಪಿದರು. ಅಜ್ಜಿ ಗೋಡೆಗೆ ಒರಗಿ ನಿಂತಳು. ಬಸ್ಸಿನ ಹೊಗೆ, ಟಯರ್ ಅಂಗಡಿಯ ಗಾಳಿ ಪಂಪಿನ ಸದ್ದು, ತಲೆಯ ಮೇಲೆ ಹಲಗೆ ಹೊತ್ತು ಓಡುವವರು, ಯಾರನ್ನೋ ಬೈಯುತ್ತ ಫೋನಿನಲ್ಲಿ ಮಾತಾಡುವವರು. ಎಲ್ಲರೂ ಅವಳ ಮುಂದಿನಿಂದಲೇ ಹಾದುಹೋದರು, ಒಬ್ಬರೂ ನಿಲ್ಲಲಿಲ್ಲ.

"ಯಾರೂ ನನ್ನನ್ನ ನೋಡ್ತಿಲ್ಲ ಕಣೋ" ಎಂದಳು. "ಎಷ್ಟು ಹಾಯಾಗಿದೆ!"

ಫಾದರ್ ನೋಡಿಕೊಂಡು ಬಾ ಎಂದಿದ್ದರ ಅರ್ಧ ಉತ್ತರ ಬಾಗಿಲಿಗೆ ಅಲ್ಲಿ ಸಿಕ್ಕಿತು. ಇನ್ನರ್ಧ ಸಿಕ್ಕಿದ್ದು ಅಡುಗೆಮನೆಯ ಪಿಸುಮಾತಿನಲ್ಲಿ.

ಅಪ್ಪನ ಅಕ್ಕ ಊರ ಹೊರಭಾಗದಲ್ಲಿದ್ದಳು. ನೆಲಮಹಡಿಯ ಮನೆ, ಮುಂದೆ ನಾಲ್ಕು ಹೂಗಿಡ. ಅಜ್ಜಿಯನ್ನು ಅಲ್ಲಿಗೆ ಕಳಿಸಿದರೆ ಹೇಗೆ ಎಂದು ಅಪ್ಪ ಅಮ್ಮ ಮಾತಾಡಿಕೊಳ್ಳುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ; ಅವಳಿಗೆ ಮೆಟ್ಟಿಲಿನ ಕಾಟ ತಪ್ಪಲಿ ಎಂದೇ. ಅವಳು ಇಳಿಯತೊಡಗಿದ್ದು ಕೆಲಸದ ಮೇಲಿದ್ದ ಅವರಿಗೆ ಇನ್ನೂ ಗೊತ್ತಿರಲಿಲ್ಲ. ಹೇಳಬೇಡ ಎಂದು ಅವಳೇ ಮೊಮ್ಮಗನ ಬಾಯಿ ಕಟ್ಟಿದ್ದಳು. ಕಿಟಕಿಯ ಪಕ್ಕ ಅಜ್ಜಿ ದಿಂಬಿನ ಚೀಲ ಹೊಲಿಯುತ್ತಿದ್ದಳು. ಅವಳ ಕೈಗಳನ್ನೇ ನೋಡುತ್ತ ಕೂತಿದ್ದ ಬಾಗಿಲಿಗೆ ಕಂಡಿತು: 'ಅಕ್ಕನ ಮನೆ' ಎಂಬ ಮಾತು ಬಂದೊಡನೆ ಸೂಜಿ ಬಟ್ಟೆಯೊಳಗೇ ನಿಂತಿತು. ಮಾತು ಬಸ್ಸಿನ ಪಾಳಿಯ ಕಡೆ ಹೊರಳಿದ ಮೇಲೆ ಮತ್ತೆ ಓಡಿತು.

ಅಪ್ಪ ಹೊರಗೆ ಬಂದು, ಎಡಗಿವಿಯ ಹತ್ತಿರ ಬಗ್ಗಿ ಕೂಗಿದ: "ಅಮ್ಮಾ, ಅಕ್ಕನ ಮನೇಲಿರ್ತೀಯಾ?"

"ಅಕ್ಕಿನಾ? ಇದೆಯಲ್ಲೋ ಡಬ್ಬದಲ್ಲಿ."

"ಅಕ್ಕಿ ಅಲ್ಲಮ್ಮಾ, ಅಕ್ಕ! ಅಕ್ಕ!"

"ಬೆಕ್ಕಾ? ಎಲ್ಲಿಂದ ಬಂತು? ಓಡಿಸು, ಹಾಲಿದೆ ಅಲ್ಲಿ."

ಅಪ್ಪ ಎರಡು ಕ್ಷಣ ನಿಂತು, "ಇರ್ಲಿ ಬಿಡು" ಎಂದು ಹೊರಟುಹೋದ. ಅಜ್ಜಿ ದಾರವನ್ನು ಹಲ್ಲಿನಿಂದ ಕಡಿದಳು.

ಮರುದಿನದ ತಾಲೀಮಿನಲ್ಲಿ ಕ್ಯಾಪ್ಟನ್ ಲಾಟೀನು ಎತ್ತಿ ಗುಡುಗಿದ: "ಹೇಳು ಮುದುಕಿ! ನಿನ್ನ ಮಗನಲ್ಲದವನು ಯಾರು?" ಬಾಗಿಲು ನಿಧಾನವಾಗಿ ಕತ್ತು ಹೊರಳಿಸಿ, ಕಿವಿಯ ಮೇಲಿನ ಶಾಲನ್ನು ಸರಿಸಿ ಕೇಳಿದ: "ಏನಪ್ಪಾ?"

ಡಾಕ್ಟರ ಮಗ ತಬ್ಬಿಬ್ಬಾದ. "ಫಾದರ್, ಇದು ನಾಟಕದಲ್ಲಿಲ್ಲ!"

ಫಾದರ್ ಒಂದು ಕಾಲು ಎತ್ತಿ ನಿಂತಿದ್ದರು. "ಇನ್ನೊಂದು ಸಲ ಕೇಳು."

ಅವನು ಇನ್ನೊಂದು ಸಲ ಕೇಳಿದ. ಬಾಗಿಲು ಅವನ ಮುಖವನ್ನೇ ಮಮತೆಯಿಂದ ನೋಡುತ್ತ, "ಸ್ವಲ್ಪ ಜೋರಾಗಿ ಹೇಳಪ್ಪಾ, ವಯಸ್ಸಾಯ್ತು" ಎಂದ.

"ಹೀಗಾದ್ರೆ ನಾನು ಪೆದ್ದನ ಥರ ಕಾಣ್ತೀನಿ ಫಾದರ್."

"ಕಾಣು. ದೊಡ್ಡ ದೊಡ್ಡ ಕ್ಯಾಪ್ಟನ್‌ಗಳು ಮುದುಕಿಯರ ಮುಂದೆ ಕಾಣೋದೇ ಹಾಗೆ. ಮೂರನೇ ಸಲ ಹೇಗೆ ಕೇಳಬೇಕು ಅನ್ನೋದನ್ನ ನೀನೇ ಯೋಚನೆ ಮಾಡ್ಕೊಂಡು ಬಾ. ಇನ್ಮೇಲೆ ಈ ದೃಶ್ಯ ನಿಮ್ಮಿಬ್ಬರದು."

ಹುಡುಗರು ಅದನ್ನು ಮತ್ತೆ ಮತ್ತೆ ಮಾಡಿಸಿ ನೋಡಿದರು. ಆದರೆ ನಾಟಕ ಹತ್ತಿರ ಬಂದಂತೆ ಬಾಗಿಲಿಗೆ ಒಂದು ಚಿಂತೆ ಹತ್ತಿತು. ಅಜ್ಜಿ ನಾಟಕಕ್ಕೆ ಬರುವುದಾಗಿ ಹೇಳಿದ್ದಳು, ತನ್ನ ಕಾಲಿನ ಮೇಲೆ, ಮೆಟ್ಟಿಲಿಳಿದು. ಅಲ್ಲಿ ಸಭಾಂಗಣ ತುಂಬಿದ ಜನರ ಮುಂದೆ, ಪಕ್ಕದಲ್ಲೇ ಕೂತ ಮಗ ಸೊಸೆಯ ಮುಂದೆ, ಅವಳ ಗುಟ್ಟನ್ನು ಇವನೇ ಬಯಲು ಮಾಡುವುದೇ?

ಅವನು ಫಾದರ್ ಬಳಿ ಹೋದ. ಅವರು ಪ್ರಾರ್ಥನಾ ಮಂದಿರದ ಮೆಟ್ಟಿಲ ಮೇಲೆ ಕೂತು ಯಾರದೋ ಪ್ರಬಂಧ ತಿದ್ದುತ್ತಿದ್ದರು.

"ಆ ಕಿವಿ ಕೇಳಿಸದೇ ಇರೋದನ್ನ ತೆಗೆದುಬಿಡೋಣ ಫಾದರ್."

"ಯಾಕೆ?"

"ಅದು ಅಜ್ಜೀದು."

ಫಾದರ್‌ಗೆ ಹೆಚ್ಚು ಹೇಳಬೇಕಾಗಲಿಲ್ಲ. ಪೆನ್ನು ಮುಚ್ಚಿದರು. "ಅವರದ್ದಾದ್ರೆ ತೆಗೆಯೋದೂ ಇಡೋದೂ ನಾನಲ್ಲ, ನೀನೂ ಅಲ್ಲ. ಅವರನ್ನ ಕೇಳು. ಬೇಡ ಅಂದ್ರೆ ತೆಗೀತೀವಿ. ನಾಟಕಕ್ಕೇನೂ ಆಗಲ್ಲ, ನಾಟಕಗಳು ಗಟ್ಟಿ ಇರ್ತವೆ."

ಕೇಳುವುದು ಹೇಗೆ? ಕಿವಿ ಕೇಳಿಸದವಳನ್ನು, ನಿನಗೆ ಕಿವಿ ಕೇಳಿಸುತ್ತದೆಯೇ ಎಂದು ಕೂಗಿ ಕೇಳುವುದೇ? ಸಂಜೆ ಅವನು ಅಜ್ಜಿಯ ಹಿಂದೆ ನಿಂತು, ಕಿಟಕಿಯ ಹೊರಗೆ ನೋಡುತ್ತ, ಸಾಧಾರಣ ದನಿಯಲ್ಲಿ ಹೇಳಿದ:

"ಅಜ್ಜಿ, ನಿನಗೆ ಕೇಳಿಸುತ್ತೆ ಅಂತ ನನಗೆ ಗೊತ್ತು. ಯಾರಿಗೂ ಹೇಳಿಲ್ಲ."

ಅಜ್ಜಿ ಗುಂಡಿ ಹೊಲಿಯುತ್ತಲೇ ಇದ್ದಳು. ಅವನು ಅದೇ ದನಿಯಲ್ಲಿ ಇಡೀ ದೃಶ್ಯ ವಿವರಿಸಿದ. ಲಾಟೀನು, ಕಂಬಳಿ, ಒಂದನೇ ಸಲ, ಎರಡನೇ ಸಲ. ಮುಗಿದ ಮೇಲೂ ಅವಳ ಬೆನ್ನು ಅಲುಗಲಿಲ್ಲ. ನಿಜಕ್ಕೂ ಕೇಳಿಸಿಲ್ಲವೇನೋ, ತನ್ನದೇ ತಪ್ಪು ಊಹೆಯೇನೋ ಎಂದು ಅವನಿಗೆ ಅನುಮಾನ ಬಂತು.

"ಮೂರನೇ ಸಲ ಕೇಳಿದಾಗ ಅವಳು ಏನಂತಾಳೆ?" ಎಂದಳು ಅಜ್ಜಿ.

ಅವನು ಬಂದು ಅವಳ ಕಾಲ ಬಳಿ ಕೂತ.

"ಬಲಗಿವಿ ಹೋಗಿರೋದು ನಿಜ" ಎಂದಳು. "ಎಡಗಿವಿ ಚೆನ್ನಾಗಿದೆ. ನೋಡು ಮರಿ, ಬಿದ್ದ ಮೇಲೆ ಎಲ್ಲರೂ ಸೇರಿ ನನ್ನ ವಿಷಯ ಮಾತಾಡೋಕೆ ಶುರು ಮಾಡಿದ್ರು. ನನ್ನ ಜೊತೆ ಅಲ್ಲ, ನನ್ನ ವಿಷಯ. ಏನು ತಿನ್ನಿಸಬೇಕು, ಎಲ್ಲಿ ಮಲಗಿಸಬೇಕು, ಎಲ್ಲಿಗೆ ಕಳಿಸಬೇಕು. ನಿಮ್ಮಪ್ಪ ಒಳ್ಳೆಯವನೇ, ಆದ್ರೆ ಬಸ್ ಓಡಿಸೋ ಹಾಗೆ ಮಾತಾಡ್ತಾನೆ, ಮುಂದಿನ ಸ್ಟಾಪು ಬರೋದ್ರೊಳಗೆ ಉತ್ತರ ಬೇಕು ಅವನಿಗೆ. ಕೇಳಿಸಲಿಲ್ಲ ಅಂದ್ರೆ ಇನ್ನೊಂದು ಸಲ ಹೇಳಬೇಕಾಗುತ್ತೆ. ಎರಡನೇ ಸಲ ಹೇಳೋವಾಗ ಮನುಷ್ಯ ಸ್ವಲ್ಪ ಮೆತ್ತಗಾಗ್ತಾನೆ. ಮೂರನೇ ಸಲಕ್ಕೆ, ನಾನು ಕೇಳ್ತಿರೋದು ಸರೀನಾ ಅಂತ ಅವನಿಗೇ ಅನುಮಾನ ಬರುತ್ತೆ. ಅಷ್ಟು ಹೊತ್ತು ಸಿಕ್ಕಿದ್ರೆ ನನಗೆ ಸಾಕು."

"ಹಾಗಾದ್ರೆ... ತೆಗೆಯೋದು ಬೇಡ್ವಾ?"

"ಆ ಕ್ಯಾಪ್ಟನ್ ಹುಡುಗನಿಗೆ ಹೇಳು, ಮೂರನೇ ಸಲ ಕೂಗಬಾರದು ಅಂತ. ಕೂಗಿದ್ರೆ ಎಲ್ಲಾ ಕೆಟ್ಟುಹೋಗುತ್ತೆ. ಇನ್ನು ನಿಮ್ಮಪ್ಪನಿಗೆ ಗೊತ್ತಾದ್ರೆ ಗೊತ್ತಾಗಲಿ. ನನಗೂ ಕೂಗಿಸಿಕೊಂಡು ಸಾಕಾಗಿದೆ."

ನಾಟಕದ ದಿನ ಮಧ್ಯಾಹ್ನವೇ ಅಜ್ಜಿ ಇಳಿಯಲು ಶುರು ಮಾಡಿದಳು. ಮೆಟ್ಟಿಲ ಮೇಲೆ ಅಮ್ಮನನ್ನು ಹೀಗೆ ಕಂಡ ಮಗ ಅವಳ ಮುಂದೆ ಹಿಮ್ಮುಖವಾಗಿ ಇಳಿದ. ಬಸ್ಸಿನಲ್ಲಿ ಅವನ ಗೆಳೆಯನೇ ಡ್ರೈವರ್. ಅವಳು ಹತ್ತಿ ಕೂರುವವರೆಗೆ ಬಸ್ಸು ನಿಂತಿತು. ಹಿಂದಿನವರು ಹಾರನ್ ಹೊಡೆದರೆ ಆತ ಕಿಟಕಿಯಿಂದ ಕೈ ಚಾಚಿ ತಡೆದ.

ಸಭಾಂಗಣದಲ್ಲಿ ಪಾದ್ರಿಗಳು, ಮೇಷ್ಟ್ರುಗಳು, ಅಪ್ಪ ಅಮ್ಮಂದಿರು, ತಮ್ಮ ತಂಗಿಯರು. ಫುಟ್‌ಬಾಲ್ ತಂಡ ಒಂದಿಡೀ ಸಾಲು ಹಿಡಿದಿತ್ತು. ಶಾಲು ಹೊದ್ದ ಬಾಗಿಲು ರಂಗದ ಮೇಲೆ ಬಂದಾಗ ಆ ಸಾಲಿನಿಂದ ಸೀಟಿ, ಕೂಗು. ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. ಬೆನ್ನನ್ನು ನೆಟ್ಟಗೆ ಮಾಡಿಕೊಳ್ಳಲು ನೋಡುತ್ತ, ಒಂದೊಂದೇ ಮೆಟ್ಟಿಲಿಳಿದು, ನದಿಯ ಕಡೆ ಮುಖ ಮಾಡಿ ನಿಂತ. ಸುಮ್ಮನೆ ನಿಂತ. ಸೀಟಿ ಹೊಡೆದವರು ನೋಡುತ್ತ ನೋಡುತ್ತ ಬೆರಳನ್ನು ಬಾಯಿಂದ ತೆಗೆದರು. ಅಷ್ಟು ದೊಡ್ಡ ದೇಹದೊಳಗೆ ಅಷ್ಟು ಸಣ್ಣ ಮುದುಕಿ ಎಲ್ಲಿಂದ ಬಂದು ಕೂತಳೋ ಯಾರಿಗೂ ತಿಳಿಯಲಿಲ್ಲ.

ಕ್ಯಾಪ್ಟನ್ ಬಂದ. ಲಾಟೀನು ಎತ್ತಿ ಗುಡುಗಿದ. "ಏನಪ್ಪಾ?" ಎಂದಳು ಮುದುಕಿ. ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ಬಾಗಿಲಿನ ಅಪ್ಪ ನಕ್ಕ. ಎರಡನೇ ಸಲ, "ಸ್ವಲ್ಪ ಜೋರಾಗಿ ಹೇಳಪ್ಪಾ" ಎಂದಾಗ ಅವನ ನಗು ಅರ್ಧಕ್ಕೆ ನಿಂತಿತು. ಮೆಲ್ಲಗೆ ಪಕ್ಕಕ್ಕೆ ತಿರುಗಿ ತನ್ನ ಅಮ್ಮನನ್ನು ನೋಡಿದ. ಅಮ್ಮ ಕಲ್ಲಿನ ವಿಗ್ರಹದ ಹಾಗೆ ರಂಗವನ್ನೇ ನೋಡುತ್ತಿದ್ದಳು. ತುಟಿಯ ಒಂದು ತುದಿ ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಆ ಕಡೆ ಕೂತಿದ್ದ ಸೊಸೆ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಕುಲುಕುತ್ತಿದ್ದಳು.

ಮೂರನೇ ಸಲ ಕೇಳುವ ಮೊದಲು ಡಾಕ್ಟರ ಮಗ ಲಾಟೀನನ್ನು ಕೆಳಗಿಳಿಸಿದ. ಬೆಳಕು ಮಲಗಿದ್ದ ಮೂರು ಮುಖಗಳ ಮೇಲೆ ಬಿತ್ತು. ಅವನು ಮೊಣಕಾಲೂರಿ, ಮುದುಕಿಯ ಕಣ್ಣಿನ ಮಟ್ಟಕ್ಕೆ ಬಂದು, "ಅಮ್ಮಾ... ಇವರಲ್ಲಿ ನಿನ್ನ ಮಗ ಅಲ್ಲದವನು ಯಾರು?" ಎಂದ. ಆಗಷ್ಟೇ ಒಡೆಯುತ್ತಿದ್ದ ಹದಿಹರೆಯದ ಗಂಟಲು. 'ಮಗ' ಎನ್ನುವಲ್ಲಿ ದನಿ ಒಡೆದೇಹೋಯಿತು. ಅದು ಅಭಿನಯವಲ್ಲ. ಆದರೆ ಅದಕ್ಕಿಂತ ಸರಿಯಾದದ್ದು ಇರಲು ಸಾಧ್ಯವಿರಲಿಲ್ಲ.

ಮುದುಕಿ ಕಾದಳು. ಸಭಾಂಗಣವೂ ಕಾಯಿತು. ಆಮೇಲೆ ಶಾಲಿನೊಳಗಿನಿಂದ ಕೈ ಹೊರಗೆ ತೆಗೆದು, ನಡುವೆ ಮಲಗಿದ್ದ ಹುಡುಗನ ಕಂಬಳಿಯನ್ನು ಕತ್ತಿನವರೆಗೆ ಎಳೆದಳು.

"ಮೂರೂ ನನ್ನವೇ ಕಣಪ್ಪಾ. ಈಗಷ್ಟೇ ಮಲಗಿದ್ದಾವೆ. ಎಬ್ಬಿಸಬೇಡ."

ಚಪ್ಪಾಳೆ ಶುರುವಾಯಿತು. ಬೇಗ ನಿಲ್ಲಲಿಲ್ಲ. ಬಾಗಿಲು ಡಾಕ್ಟರ ಮಗನ ಕೈ ಹಿಡಿದು ತನಗಿಂತ ಒಂದು ಹೆಜ್ಜೆ ಮುಂದಕ್ಕೆ ಎಳೆದು ನಿಲ್ಲಿಸಿದ. ಹಿಂದಿನ ಸಾಲಿನಲ್ಲಿ ಫುಟ್‌ಬಾಲ್ ಮೇಷ್ಟ್ರು ಪಕ್ಕದವರಿಗೆ ಹೇಳುತ್ತಿದ್ದರು: "ನಮ್ಮ ಹುಡುಗ. ನಾನೇ ತಯಾರು ಮಾಡಿದ್ದು."

ಜನ ಕರಗಿದ ಮೇಲೆ ಕೊಕ್ಕರೆ ಫಾದರ್ ಕುರ್ಚಿಗಳ ಸಾಲು ದಾಟಿ ಅಜ್ಜಿಯ ಹತ್ತಿರ ಬಂದರು. ಬಗ್ಗಲಿಲ್ಲ, ಕೂಗಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು, ಎದುರುಬದುರು ಮನೆಯವರ ಹಾಗೆ ಮಾತಾಡಿದರು.

"ನಾನು ಬರೆದದ್ದಕ್ಕಿಂತ ನಿಮ್ಮ ಮುದುಕಿ ದೊಡ್ಡವಳಮ್ಮಾ."

"ಹುಡುಗ ಪರವಾಗಿಲ್ಲ ಫಾದರ್. ಎರಡನೇ ಸಲಕ್ಕೆ ಸ್ವಲ್ಪ ಅವಸರ ಮಾಡಿದ." ಅಜ್ಜಿ ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡಳು. "ನೀವು ಅವನಿಗೆ ಸುಮ್ಮನೆ ನಿಲ್ಲೋಕೆ ಬಿಟ್ರಿ. ಅದು ನನಗೆ ಇಷ್ಟವಾಯ್ತು. ಮಕ್ಕಳನ್ನ ಯಾರೂ ಸುಮ್ಮನೆ ನಿಲ್ಲೋಕೆ ಬಿಡಲ್ಲ ಈಗ."

ಅವಳ ಮಗ ಅಲ್ಲೇ ನಿಂತು ಇಬ್ಬರ ಮುಖವನ್ನೂ ನೋಡುತ್ತಿದ್ದ. ಬಸ್ಸಿನಲ್ಲಿ ಮನೆಗೆ ಬರುವಾಗ ಅವಳ ಪಕ್ಕ ಕೂತು, ಕೂಗದೆ ಕೇಳಿದ:

"ಅಮ್ಮ, ಅಕ್ಕ ನಿನ್ನನ್ನ ಬಾ ಅಂತಿದ್ದಾಳೆ. ನಿನಗೆ ಏನನ್ನಿಸುತ್ತೆ?"

ಅಜ್ಜಿ ಕಿಟಕಿಯ ಹೊರಗಿನ ಅಂಗಡಿಗಳ ದೀಪ ನೋಡುತ್ತಿದ್ದಳು. ಅವನು ಮತ್ತೆ ಕೇಳಬೇಕಾಗಲಿಲ್ಲ.

"ಇರೋಕೆ ಹೋಗಲ್ಲ. ನೆಂಟಳಾಗಿ ಹೋಗಿ ಬರ್ತೀನಿ. ಅವಳ ಕೈಯಡುಗೆ ಎಷ್ಟು ದಿನ ತಡ್ಕೊಳ್ಳೋಕಾಗುತ್ತೋ ಅಷ್ಟು ದಿನ."

"ಆಯ್ತಮ್ಮ" ಎಂದ ಮಗ. ಸ್ವಲ್ಪ ಹೊತ್ತು ಬಿಟ್ಟು, "ಆವತ್ತು ಬೆಕ್ಕು ಅಂದ್ಯಲ್ಲ..." ಎಂದು ಶುರು ಮಾಡಿ, ಮುಂದೆ ಹೇಳಲಾರದೆ ನಗತೊಡಗಿದ. ಅಜ್ಜಿಯೂ ನಕ್ಕಳು. ಹಿಂದಿನ ಸೀಟಿನಲ್ಲಿ ಮುಖದ ಬಣ್ಣ ಪೂರ್ತಿ ಹೋಗದ ಬಾಗಿಲು ಅಮ್ಮನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದ.

ಮುಂದಿನ ಶನಿವಾರದ ಪಂದ್ಯದಲ್ಲಿ ಅವನು ಒಂದು ಗೋಲು ಬಿಟ್ಟ, ಆ ವರ್ಷದ ಮೊದಲನೆಯದು. ಫುಟ್‌ಬಾಲ್ ಮೇಷ್ಟ್ರು ಅದರ ಪಾಪವನ್ನು ನೇರವಾಗಿ ಕೊಕ್ಕರೆ ಫಾದರ್ ತಲೆಗೆ ಕಟ್ಟಿದರು. ಫಾದರ್ ಒಪ್ಪಿಕೊಂಡರು.

ಅಜ್ಜಿ ಮಗಳ ಮನೆಗೆ ಹೋಗಿ ಹನ್ನೆರಡೇ ದಿನಕ್ಕೆ ತಿರುಗಿ ಬಂದಳು. ಇಳಿಯುವುದು ಒಂದು, ಹತ್ತುವುದು ಇನ್ನೊಂದು; ಅದಕ್ಕೆ ಇಡೀ ಸಂಜೆ ಬೇಕಾಯಿತು. ಮೊದಲ ಮಹಡಿಯವರು ಮನೆ ಮುಂದೆ ಕುರ್ಚಿ ಹಾಕಿಟ್ಟಿದ್ದರು, ಎರಡನೆಯವರೂ ಹಾಕಿದ್ದರು. ಅವಳು ಪ್ರತಿಯೊಂದರಲ್ಲೂ ಕೂತು, ಮಗಳ ಮನೆಯ ಸಮಾಚಾರ ಹೇಳಿ, ಈ ಕಟ್ಟಡದ ಸಮಾಚಾರ ಕೇಳಿ, ಮೂರನೇ ಮಹಡಿಯಲ್ಲಿ ಜಗಳವನ್ನೂ ಒಂದಿಷ್ಟು ಆಡಿ, ಮೇಲೆ ಬಂದಾಗ ಊಟ ಆರಿ ತಣ್ಣಗಾಗಿತ್ತು. ಯಾರೂ ಊಟಕ್ಕೆ ಕೂತಿರಲಿಲ್ಲ. ಅವಳು ಕೋಲನ್ನು ಮೂಲೆಗಿಟ್ಟು, ಕೈ ತೊಳೆದು, "ಏನು, ಎಲ್ಲರೂ ನನ್ನನ್ನೇ ನೋಡ್ತಾ ನಿಂತಿದ್ದೀರಿ? ಬಡಿಸಿ" ಎಂದಳು.